ಸೊನ್ನೆಗೆ ತರುವುದು

ಹಾಸನದ ಕೈಗಾರಿಕಾ ಬಡಾವಣೆಯಲ್ಲಿ
ಮೂರನೇ ಅಡ್ಡರಸ್ತೆ, ನೀಲಿ ಶಟರು.
ಬೋರ್ಡಿನಲ್ಲಿ ‘ತ’ ಅಕ್ಷರದ ಬಣ್ಣ ಉದುರಿ
‘ಕ್ಕಡಿ’ ಮಾತ್ರ ಉಳಿದಿದೆ.
ಬರೆಸಬೇಕು, ಬರೆಸಬೇಕು ಅಂದುಕೊಂಡೇ
ಎರಡು ದಸರೆ ಕಳೆದವು.

ಇಪ್ಪತ್ತೊಂಬತ್ತು ವರ್ಷ
ಊರಿನ ತೂಕಕ್ಕೆಲ್ಲ ನಾನೇ ಕಾಟಾ ಮಾಡಿಕೊಟ್ಟೆ:
ಆಲೂಗಡ್ಡೆ ಮಂಡಿಗೆ ಮೂಟೆ ಹೊರುವಂಥದು,
ಸಕಲೇಶಪುರದಲ್ಲಿ ಮೆಣಸು ಕೊಳ್ಳುವವರಿಗೆ ಸಣ್ಣ ತ್ರಾಸು,
ಅರಸೀಕೆರೆಯ ಕೊಬ್ಬರಿಗೆ ಕೊಕ್ಕೆಯದು,
ಹೆರಿಗೆ ವಾರ್ಡಿಗೆ ತೊಟ್ಟಿಲಂಥ ಬಟ್ಟಲಿನದು.
ಈ ಜಿಲ್ಲೆಯ ಎಷ್ಟೋ ಮಕ್ಕಳು
ಮೊದಲು ಮಲಗಿದ್ದು ನನ್ನ ತಗಡಿನ ಮೇಲೆ.

ಇದನ್ನು ಹೇಳಿಕೊಂಡರೆ ಹೆಮ್ಮೆಯೆನಿಸಬೇಕು.
ನಿನ್ನೆ ರಾತ್ರಿ ಅನಿಸಲಿಲ್ಲ.

ಶಾಂತಿಗ್ರಾಮದ ಹತ್ತಿರ ಹೊಸ ಶೀತಲಗೃಹ.
ಲಾರಿ ತೂಗಲು ಅರವತ್ತು ಟನ್ನಿನ ವೇಬ್ರಿಜ್ಜು ಬೇಕಂತೆ,
ದರಪಟ್ಟಿ ನಾಳೆಯೊಳಗೆ ಕೊಡಬೇಕಂತೆ.
ಸುಗುಣ ಅಂಕಿಗಳನ್ನೆಲ್ಲ ತುಂಬಿ,
ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ,
ಆರೂಕಾಲರ ಆಲೂರು ಬಸ್ಸಿಗೆ ಹೋದಳು.
ನಾನು ಪೆನ್ನು ಹಿಡಿದುಕೊಂಡೇ ಕೂತೆ.

ಮೊದಲ ಸಲ ಹೀಗಿರಲಿಲ್ಲ.
ಅಂದು ಬಳೆ ಮಾರಿ ಲೇತು ತಂದವಳಿಗೆ
ಏನೇನು ಮುರಿಯಬಹುದು ಅಂತ ಗೊತ್ತಿರಲಿಲ್ಲ;
ಆ ಗೊತ್ತಿಲ್ಲದ್ದನ್ನೇ ಜನ ಧೈರ್ಯವೆಂದರು.
ಈಗ ಗೊತ್ತು.
ತಳಪಾಯ ಕುಸಿಯುವುದು ಗೊತ್ತು,
ನೀರು ಗುಂಡಿಗಿಳಿದು ಸೆಲ್ಲು ಸಾಯುವುದು ಗೊತ್ತು,
ಬಿಲ್ಲಿಗೆ ಹೋದರೆ ಎಂಟು ತಿಂಗಳೂ
‘ಸಾಹೇಬರು ಊಟಕ್ಕೆ ಹೋಗಿದಾರೆ’ ಅನ್ನುವುದು ಗೊತ್ತು,
ನನಗೆ ಬರಿಯ ಕಬ್ಬಿಣಕ್ಕೆ ಬೀಳುವ ದರದಲ್ಲಿ
ಗುಜರಾತಿನವರು ಇಡೀ ಕಾಟಾ ಇಳಿಸುವುದು ಗೊತ್ತು.
ಅನುಭವವೆಂದರೆ ಇದೇ ಇರಬೇಕು:
ಭಯಗಳಿಗೆ ಸರಿಯಾದ ಹೆಸರು ಸಿಕ್ಕಿರುವುದು.

ಇನ್ನೊಂದು ಮಾತು, ಯಾರಿಗೂ ಹೇಳದ್ದು.
ಇಷ್ಟು ವರ್ಷ ನಡೆದದ್ದು ನನ್ನಿಂದಲೋ,
ಪಕ್ಕದಲ್ಲಿ ಬೇರೆ ಅಂಗಡಿ ಇಲ್ಲದ್ದರಿಂದಲೋ?

ಬೆಳಿಗ್ಗೆ ಬಂದರೆ
ಬೋರಯ್ಯ ಆಗಲೇ ಕೂತಿದ್ದ.
ಇದ್ದಿಲ ಒಲೆಯ ಮೇಲೆ ಸೌಟಿನಲ್ಲಿ ಸೀಸ ಕರಗುತ್ತಿತ್ತು.
ಎದುರಿಗೆ ಸಾಲಾಗಿ ಇಪ್ಪತ್ತು ಕಿಲೋದ ಕಲ್ಲುಗಳು,
ನಮ್ಮವೇ, ಮೊದಲ ವರ್ಷದವು.
ಮುದ್ರೆಗೆ ಒಯ್ಯುವ ವರ್ಷ ಇದು.

ಎತ್ತಿ ಎತ್ತಿ, ಇಳಿಸಿ ಇಳಿಸಿ
ತೂಕದ ಕಲ್ಲೂ ಸವೆಯುತ್ತದೆ,
ಗುಲಗಂಜಿಯಷ್ಟು, ಅದರ ಕಾಲಷ್ಟು.
ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯುವುದಿಲ್ಲ;
ಇನ್ನೊಂದರ ಎದುರು ಕೂರಿಸಿದಾಗ ಮಾತ್ರ
ಮೆಲ್ಲಗೆ ಮೇಲೇಳುತ್ತದೆ.
ಅದಕ್ಕೇ ಎರಕ ಹೊಯ್ಯುವಾಗಲೇ
ಹೊಟ್ಟೆಯಲ್ಲೊಂದು ತೂತು ಬಿಟ್ಟಿರುತ್ತಾರೆ.
ಹಗುರಾದಷ್ಟು ಸೀಸ ತುಂಬಿ, ಬಡಿದು,
ಮೇಲೆ ಹೊಸ ಮುದ್ರೆ.
ಸವೆದೆಯೇಕೆಂದು ಯಾರೂ ಕಲ್ಲನ್ನು ಬೈಯುವುದಿಲ್ಲ.

‘ನಿದ್ದೆ ಬಂದಿಲ್ವೇನಮ್ಮ?’ ಅಂದ, ತಲೆಯೆತ್ತದೆ.
ಹಳೇ ತ್ರಾಸಿನ ಮುಳ್ಳು ನಡುಗುತ್ತಿತ್ತು,
ಅತ್ತ ಒಂದು ಕೂದಲು, ಇತ್ತ ಒಂದು ಕೂದಲು.
‘ನಿಲ್ತಾನೇ ಇಲ್ವಲ್ಲ ಬೋರಯ್ಯ, ಕೆಟ್ಟಿದೆಯಾ?’
‘ನಿಂತಿದ್ರೆ ಕೆಟ್ಟೋಗೈತೆ ಅನ್ನಿ.
ಅಲುಗ್ದೇ ಇರೋ ಮುಳ್ಳು ತುಕ್ಕು ಕಚ್ಕೊಂಡೈತೆ ಅಂತ ಲೆಕ್ಕ.’
ಬೀಡಿ ಹಚ್ಚಲು ಹೊರಗೆ ಹೋದ.
ಅವನಿಗೆ ದರಪಟ್ಟಿಯ ವಿಷಯ ಗೊತ್ತಿಲ್ಲ;
ಗೊತ್ತಿದ್ದರೂ ಅವನು ಹೇಳುತ್ತಿದ್ದುದು ಮುಳ್ಳಿನ ವಿಷಯವೇ.

ಒಳಗೆ ಮೇಜಿನ ಮೇಲೆ ಹೊಸ ಡಿಜಿಟಲ್ಲು
ಖಾಲಿ ತಟ್ಟೆ ಹೊತ್ತುಕೊಂಡು
ಸೊನ್ನೆ, ಐದು ಗ್ರಾಂ, ಸೊನ್ನೆ, ಹತ್ತು ಗ್ರಾಂ ಎಂದು
ಕೆಂಪಗೆ ತೊದಲುತ್ತಿತ್ತು.
ಎದ್ದು ಫ್ಯಾನು ಆರಿಸಿದೆ.

ನಿಂತಿತು.

ಭಯ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ,
ಸುಳ್ಳು ತೂಕ ನಮ್ಮ ಅಂಗಡಿಯಲ್ಲಿಲ್ಲ.
ತಳಪಾಯದ ಬಾಬ್ತಿಗೆ ಹನ್ನೆರಡು ಸಾವಿರ ಏರಿಸಿ,
ಗುಂಡಿಯ ಚರಂಡಿಗೆ ಬೇರೆಯೇ ಒಂದು ಸಾಲು ಸೇರಿಸಿ,
ಪೆನ್ಸಿಲಿನ ಗುರುತಿನ ಮೇಲೆ ಸಹಿ ಹಾಕಿದೆ.
ಕೈ ನಡುಗಿ ಕೊನೆಯ ಬಾಲ ಸ್ವಲ್ಪ ಅತ್ತ ಹೋಯಿತು.
ಇರಲಿ, ಓದಲು ಬರುತ್ತದೆ.

ಸುಗುಣ ಬಂದಮೇಲೆ
ಪೇಂಟರ್ ಇಲಿಯಾಸನಿಗೆ ಫೋನು ಮಾಡಿಸಬೇಕು,
ಒಂದಕ್ಷರಕ್ಕೆ ಎಷ್ಟು ತಗೊಳ್ಳುತ್ತಾನೋ ಕೇಳಬೇಕು.